ಎಂಟು ಜೆಲ್ಲಿಗಳೂ ಒಂದು ಹುಲ್ಲುಕಡ್ಡಿಯೂ

ಲಕ್ಕಪ್ಪನ ಸಂಸಾರಕ್ಕೆ ಸಂಚಕಾರ ತಂದದ್ದು ಒಂದು ಹುಲ್ಲುಕಡ್ಡಿ. ಮಂಗಳವಾರ ಸಂಜೆ, ಜೆ.ಪಿ. ನಗರದ ಚಕ್ರಪಾಣಿಯವರ ಮನೆಯ ಹಾಲಿನಲ್ಲಿ, ತಾನೇ ಇಪ್ಪತ್ತು ದಿನ ಹೆಣಗಾಡಿ ನಿಲ್ಲಿಸಿದ ಗಾಜಿನ ತೊಟ್ಟಿಯ ನೀರಿನ ಮೇಲೆ ಅದು ತೇಲುತ್ತಿದ್ದದ್ದನ್ನು ಅವನು ಕಂಡ. ಗೇಣುದ್ದದ ಕಡ್ಡಿ. ಕಿಟಕಿಯಿಂದ ಹಾರಿ ಬಂದಿರಬೇಕು, ಪಂಪಿಗೆ ಸಿಕ್ಕಿಕೊಂಡರೆ ಕೆಲಸ ಕೆಟ್ಟಿತು ಎಂದುಕೊಂಡು ಎರಡು ಬೆರಳಲ್ಲಿ ಎತ್ತಿ ಹೊರಗೆ ಬಿಸಾಡಿದ. ಬಿಸಾಡಿ, ತನ್ನ ಕಣ್ಣು ಎಷ್ಟು ಚುರುಕು ಎಂದು ಒಳಗೊಳಗೇ ಹಿಗ್ಗಿದ. ಹಿಗ್ಗಲಿ ಪಾಪ, ಮತ್ತೆ ಹಿಗ್ಗುವ ಯೋಗ ಅವನಿಗೆ ಇರಲಿಲ್ಲ.

ಲಕ್ಕಪ್ಪ ಮುದ್ದೇಬಿಹಾಳದ ಕಡೆಯವನು. ಹನ್ನೊಂದು ವರ್ಷದ ಹಿಂದೆ ಹೆಂಡತಿ ಶಂಕ್ರವ್ವನ ಜೊತೆ ಬೆಂಗಳೂರಿಗೆ ಬಂದು, ಬಿಟಿಎಂ ಲೇಔಟಿನಲ್ಲಿ ಬಣ್ಣದ ಮೀನು ಮಾರುವ ಅಂಗಡಿ ಇಟ್ಟಿದ್ದ. ಮುಂದೆ ಅಂಗಡಿ, ಹಿಂದಿನ ಒಂದೇ ಕೋಣೆ ಅವರ ಮನೆ. ಕಟ್ಟಡ ಚಕ್ರಪಾಣಿಯವರದು. ಬಾಡಿಗೆ ಕರಾರು ಈ ತಿಂಗಳಿಗೆ ಮುಗಿಯುವುದಿತ್ತು. ಹೊಸದಾಗಿ ಬರೆಸಿಕೊಡಿ ಎಂದು ಕೇಳಲು ಹೋದಾಗ ಅವರು ಒಂದು ಮಾತು ಹೇಳಿದ್ದರು.

"ನೋಡು ಲಕ್ಕಪ್ಪ, ಪಕ್ಕದ್ಮನೆ ಸಿದ್ದರಾಜು ಅದ್ಯಾವ್ದೋ ಅರೋವಾನಾ ಅಂತ ಮೀನು ಇಟ್ಕೊಂಡು ಇಡೀ ರೋಡಿಗೇ ತೋರಿಸ್ತಿದಾನೆ. ನಂಗೆ ಜೆಲ್ಲಿ ಫಿಶ್ ಬೇಕು. ಜೆ.ಪಿ. ನಗರದಲ್ಲಿ ಇನ್ಯಾರ ಮನೇಲೂ ಇರ್ಬಾರ್ದು. ಬುಧವಾರ ಸಾಯಂಕಾಲ ಬಡಾವಣೆ ಸಂಘದ ಮೀಟಿಂಗು ನಮ್ಮನೇಲಿ. ಅಷ್ಟೊತ್ತಿಗೆ ಎಂಟು ಜೆಲ್ಲಿ ನೀರಲ್ಲಿ ಆಡ್ತಿರ್ಬೇಕು. ಇದ್ರೆ ಐದು ವರ್ಷಕ್ಕೆ ಅಗ್ರಿಮೆಂಟು. ಇಲ್ದಿದ್ರೆ ಒಂದನೇ ತಾರೀಕು ಕೀ ಕೊಟ್ಬಿಡು."

ಲಕ್ಕಪ್ಪ ಸಮುದ್ರವನ್ನೇ ನೋಡಿದವನಲ್ಲ. ಜೆಲ್ಲಿಯ ವಿದ್ಯೆಯನ್ನೆಲ್ಲ ಚೆನ್ನೈನ ವ್ಯಾಪಾರಿಯಿಂದ ಫೋನಿನಲ್ಲೇ ಕಲಿತ. ಜೆಲ್ಲಿಗೆ ಮೂಲೆ ಆಗದು, ಮೂಲೆಗೆ ಸಿಕ್ಕರೆ ಮಡಚಿಕೊಂಡು ಸಾಯುತ್ತದೆ. ಅದಕ್ಕೇ ತೊಟ್ಟಿ ದುಂಡಗೆ, ರೊಟ್ಟಿಯ ಹಂಚನ್ನು ನೆಟ್ಟಗೆ ನಿಲ್ಲಿಸಿದ ಹಾಗೆ. ಅದಕ್ಕೆ ಸರಿಯಾಗಿ ಈಜಲೂ ಬಾರದು, ನೀರು ಒಯ್ದತ್ತ ಹೋಗುತ್ತದೆ. ನೀರು ಜೋರಾಗಿ ತಿರುಗಿದರೆ ಹರಿದುಹೋಗುತ್ತದೆ, ನಿಂತರೆ ತಳ ಸೇರಿ ಸಾಯುತ್ತದೆ. ಪಂಪಿನ ಬಾಯಿಗೆ ಜಾಲರಿ ಕಟ್ಟಬೇಕು. ಉಪ್ಪು ಅಡುಗೆಯದಾಗದು, ಡಬ್ಬಿಯಲ್ಲಿ ಬರುವ ಸಮುದ್ರದ ಉಪ್ಪೇ ಆಗಬೇಕು. ಊಟಕ್ಕೆ ಕಣ್ಣಿಗೆ ಕಾಣದಂಥ ಸಿಗಡಿ ಮರಿ, ಅದನ್ನೂ ಬಾಟಲಿಯಲ್ಲಿ ಮೊಟ್ಟೆಯೊಡೆಸಿ ದಿನಕ್ಕೆ ಎರಡು ಸಲ ಕೊಡಬೇಕು.

"ಇದರ ಬದ್ಲಿ ಒಂದ ಎಮ್ಮಿ ಸಾಕಬೌದಿತ್ತು," ಎಂದಿದ್ದಳು ಶಂಕ್ರವ್ವ. "ಹಾಲರ ಕೊಡತಿತ್ತು."

ಎಲ್ಲ ಮುಗಿಯಿತು ಎನ್ನುವಾಗ ವಾಸ್ತುವಿನವರು ಬಂದು ತೊಟ್ಟಿ ಈಶಾನ್ಯ ಮೂಲೆಯಲ್ಲೇ ಇರಬೇಕು ಎಂದರು. ಮೂಲೆಯಿಲ್ಲದ ತೊಟ್ಟಿಯನ್ನು ಮತ್ತೆ ಬಿಚ್ಚಿ ಮೂಲೆಯಲ್ಲಿ ಕೂರಿಸಿದ್ದಾಯಿತು.

ಮಂಗಳವಾರ ಮಧ್ಯಾಹ್ನ ಚೆನ್ನೈನಿಂದ ಥರ್ಮೊಕೋಲ್ ಪೆಟ್ಟಿಗೆ ಬಂತು. ಎಂಟು ಜೆಲ್ಲಿಗಳನ್ನು ನೀರಿಗೆ ಬಿಟ್ಟು ನೀಲಿ ಬಲ್ಬು ಹಾಕಿದಾಗ ಲಕ್ಕಪ್ಪನೇ ಕೈಯ ಕೆಲಸ ಬಿಟ್ಟು ನೋಡುತ್ತ ನಿಂತ. ಮೂಳೆಯಿಲ್ಲ, ಕಣ್ಣಿಲ್ಲ, ಬರೀ ಅರಳುವುದು, ಮುದುಡುವುದು. ಚಕ್ರಪಾಣಿಯವರು ಮೈಸೂರಿಗೆ ಹೋಗಿದ್ದರು, ಅವರ ಹೆಂಡತಿ ತಂಗಿಯ ಮನೆಯಲ್ಲಿದ್ದರು. ಮನೆಯಲ್ಲಿದ್ದ ಒಬ್ಬರೇ ಒಬ್ಬರು, ಚಕ್ರಪಾಣಿಯವರ ತಾಯಿ ಸೀತಮ್ಮ, ಮಣೆ ಹಾಕಿಕೊಂಡು ತೊಟ್ಟಿಯ ಮುಂದೆ ಕೂತುಬಿಟ್ಟರು.

"ಅಯ್ಯೋ, ಉಸಿರಿಗೇ ಮೈ ಬಂದ ಹಾಗಿದೆಯಲ್ಲೋ! ಇವಕ್ಕೆ ಈ ಉಪ್ಪು ನೀರೇ ಆಗ್ಬೇಕೇನೋ?"

"ಹೌದ್ರೀ ಅಮ್ಮಾರ. ಬ್ಯಾರೆ ನೀರಿನ್ಯಾಗ ಒಂದ ತಾಸು ಬದುಕಂಗಿಲ್ಲ."

"ನಾಳೆ ಬೆಳಗ್ಗೆ ಸೂರ್ಯಗ್ರಹಣ ಬೇರೆ," ಎಂದು ಗೊಣಗುತ್ತ ಮುದುಕಿ ದೇವರಮನೆಯ ಕಡೆ ಹೋದರು. ಲಕ್ಕಪ್ಪ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಯುಪಿಎಸ್ ನೋಡಲು ಕೆಳಗೆ ಹೋಗಿ ಬಂದವನಿಗೆ ಕಂಡದ್ದು ಆ ಹುಲ್ಲುಕಡ್ಡಿ.

ಬುಧವಾರ ಬೆಳಗ್ಗೆ ಒಂಬತ್ತಕ್ಕೆ ಅವನು ಬರುವಾಗ ಗ್ರಹಣ ಬಿಟ್ಟು ಹೊತ್ತಾಗಿತ್ತು. ದಾರಿಯುದ್ದಕ್ಕೂ ಹೆಂಗಸರು ಅಂಗಳ ತೊಳೆಯುತ್ತಿದ್ದರು, ಮೋರಿಗಳೆಲ್ಲ ತುಂಬಿ ಹರಿಯುತ್ತಿದ್ದವು. ಚಕ್ರಪಾಣಿಯವರ ಹಾಲಿನ ನೆಲವೂ ಒದ್ದೆ. ತೊಟ್ಟಿ ಪಳಪಳ ಹೊಳೆಯುತ್ತಿತ್ತು, ಅದರ ಹಣೆಗೆ ಅರಿಶಿನ ಕುಂಕುಮ, ಮುಂದೆ ಪುಟ್ಟ ರಂಗೋಲಿ. ಪಂಪು ಗುರ್ ಅನ್ನುತ್ತಿತ್ತು. ಜೆಲ್ಲಿ ಮಾತ್ರ ಕಾಣಲಿಲ್ಲ.

ಬೆಳಕಿಗೆ ಎದುರಾಗಿ ನೋಡಿದರೆ ಕಾಣದಿರಬಹುದು ಎಂದು ಲಕ್ಕಪ್ಪ ಪಕ್ಕದಿಂದ ನೋಡಿದ. ಕೂತು ನೋಡಿದ. ಸ್ಟೂಲು ಹತ್ತಿ ಮೇಲಿನಿಂದ ನೋಡಿದ. ಕೊನೆಗೆ ನೀರಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿದ. ಶುದ್ಧ ಕಾವೇರಿ ನೀರು. ಸ್ಟೂಲಿನ ಮೇಲಿಂದಲೇ ಕೂಗಿದ.

"ಮಾರಮ್ಮಾ! ನೀರ ಏನಾತಬೇ?"

ಕೆಲಸದ ಮಾರಮ್ಮ ಒರೆಸುವ ಬಟ್ಟೆ ಹಿಂಡುತ್ತ ಬಂದಳು. "ಗ್ರಹಣ ಅಲ್ವೇನಣ್ಣ? ಅಜ್ಜಿ ಮನೇಲಿದ್ದ ನೀರ್ನೆಲ್ಲಾ ಚೆಲ್ಲಿಸ್ಬಿಟ್ರು. ಬಿಂದಿಗೆ, ಫಿಲ್ಟರು, ಹೂವಿನ ಪಾಟು, ನಿನ್ ತೊಟ್ಟಿ, ಎಲ್ಲಾನೂ. ನಾನು ಬರೋ ಹೊತ್ಗೆ ತೊಟ್ಟಿ ಅರ್ಧ ಖಾಲಿ ಆಗಿತ್ತು, ಉಳಿದಿದ್ದ ನಾನು ಬಳ್ದು ಮೋರಿಗೆ ಹಾಕಿ ನಲ್ಲಿ ನೀರು ತುಂಬ್ದೆ."

"ಅದರಾಗ ಜೀವ ಇದ್ದುವಲ್ಲಬೇ!"

"ಎಂಥ ಜೀವಾನೋ, ನನ್ ಕಣ್ಗೇನೂ ಕಾಣ್ಲಿಲ್ಲಪ್ಪ. ಬರೀ ನೀರು."

"ಅಜ್ಜಿ ಎಲ್ಲದಾರ?"

"ಬೇಗೂರಿನ ನಾಗೇಶ್ವರನ ಗುಡಿಗೆ ಹೋದ್ರು. ಅವ್ರ ನಕ್ಷತ್ರಕ್ಕೆ ದೋಷ ಐತಂತೆ, ಶಾಂತಿ ಮಾಡಿಸ್ಬೇಕಂತೆ. ಬರೋದು ಸಾಯಂಕಾಲಾನೇ. ಫೋನೂ ಒಯ್ಯಾಕಿಲ್ಲ ಅವ್ರು. ತೊಟ್ಟಿ ವಿಷ್ಯಕ್ಕೆ ಬೈಕೊಂಡೇ ಹೋದ್ರು ನೋಡು."

"ಯಾಕ?"

"ನೆನ್ನೆ ಸಾಯಂಕಾಲಾನೇ ಅದ್ರಾಗೆ ದರ್ಭೆ ಹಾಕಿದ್ರಂತೆ. ದರ್ಭೆ ಇದ್ರೆ ನೀರ್ಗೆ ಗ್ರಹಣ ತಟ್ಟಾಕಿಲ್ಲ, ಚೆಲ್ಲೋ ಹಂಗೇ ಇರ್ಲಿಲ್ಲ. ಬೆಳಗ್ಗೆ ನೋಡುದ್ರೆ ದರ್ಭೆ ಮಾಯ. ಯಾವ ಮುಟ್ಠಾಳನ ಕೈಯೋ ಅಂತ ಬೈತಿದ್ರು."

ಲಕ್ಕಪ್ಪ ತನ್ನ ಬಲಗೈಯ ಎರಡು ಬೆರಳುಗಳನ್ನು ನೋಡಿಕೊಂಡ. ಬೈಯಬೇಕೆಂದರೂ ಬೈಯಲು ಬೇರೆ ಯಾರೂ ಉಳಿದಿರಲಿಲ್ಲ.

ಹೊರಗೆ ಓಡಿ ಗೇಟಿನ ಮುಂದಿನ ಮೋರಿಯ ಬಳಿ ಕುಕ್ಕರುಗಾಲಲ್ಲಿ ಕೂತ. ಇಡೀ ಬೀದಿಯ ಗ್ರಹಣದ ನೀರು ಸೊಪ್ಪಿನ ಕಡ್ಡಿ, ರಂಗೋಲಿ ಪುಡಿ ಹೊತ್ತು ಹರಿಯುತ್ತಿತ್ತು. ಅದರಲ್ಲಿ ನೀರಿನಂಥ ಎಂಟು ಜೀವಗಳನ್ನು ಹುಡುಕುವುದು ಎಲ್ಲಿಯ ಮಾತು? ಆದರೂ ಹುಡುಕಿದ.

"ಏನ್ ಲಕ್ಕಪ್ಪ, ಮೋರೀಲಿ ಏನ್ ಬೀಳಿಸ್ಕೊಂಡೆ?" ಪಕ್ಕದ ಕಾಂಪೌಂಡಿನಿಂದ ಸಿದ್ದರಾಜು ಇಣುಕಿದರು. ನಿವೃತ್ತ ಇಂಜಿನಿಯರು. ಅವರಿಗೆ ಹೊತ್ತು ಹೋಗುತ್ತಿದ್ದದ್ದೇ ಬೇರೆಯವರ ಮನೆಯ ವಿಷಯದಿಂದ.

"ಏನಿಲ್ರೀ ಸರ."

"ಏನಿಲ್ದೆ ಯಾರು ಮೋರಿ ಮುಂದೆ ಕೂರ್ತಾರೆ? ಎಲ್ಲಿ, ನಿಮ್ ಜೆಲ್ಲಿ ತೋರ್ಸು ನೋಡೋಣ." ಬೇಡವೆನ್ನುವ ಮೊದಲೇ ಚಪ್ಪಲಿ ಕಳಚಿ ಒಳಗೆ ಬಂದೇಬಿಟ್ಟರು. ಕನ್ನಡಕ ಏರಿಸಿ, ಇಳಿಸಿ ನೋಡಿದರು. "ಏನ್ರೀ ಇದು, ಬರೀ ನೀರಿದೆ!"

"ಅವು ನೀರಿನಂಗ ಇರ್ತಾವ್ರೀ ಸರ. ಗ್ರಹಣ ಅಂತ ಅಂಜಿ ಸುಮ್ಮನಾಗ್ಯಾವ."

"ಮೀನಿಗೂ ಗ್ರಹಣಾನಾ? ನಮ್ ಅರೋವಾನಾ ಬೆಳಗ್ಗೆ ಹತ್ತು ಜಿರಲೆ ತಿಂತು." ಸಿದ್ದರಾಜು ಲಕ್ಕಪ್ಪನ ಮುಖವನ್ನು ತೊಟ್ಟಿಗಿಂತ ಹೆಚ್ಚು ಹೊತ್ತು ನೋಡಿದರು. "ಆಯ್ತು. ಸಾಯಂಕಾಲ ದೊಡ್ಡ ಟಾರ್ಚ್ ತರ್ತೀನಿ. ಕಮಿಟಿಯವರ ಮುಂದೇನೇ ಎಣಿಸೋಣ. ಎಂಟು ಅಂದಿದಾರೆ ಚಕ್ರಪಾಣಿ, ಎಂಟೇ ಇರ್ಬೇಕು."

ಲಕ್ಕಪ್ಪ ಚೆನ್ನೈಗೆ ಫೋನು ಹಚ್ಚಿದ. ಮುಂದಿನ ಸರಕು ಬರುವುದು ಮುಂದಿನ ವಾರ ಎಂದರು. ಮುಂದಿನ ವಾರ ಅವನ ತಟ್ಟೆ ಲೋಟ ಬೀದಿಯಲ್ಲಿರುತ್ತವೆ ಎನ್ನುವುದು ಅವರಿಗೆ ಹೇಗೆ ಗೊತ್ತಾಗಬೇಕು!

ಅಂಗಡಿಗೆ ಮರಳಿ ಕೋಣೆಯ ಗೋಡೆಗೆ ಒರಗಿ ಕೂತ. ಗ್ರಹಣ ಬಿಟ್ಟ ಮೇಲೆ ತಲೆಗೆ ಸ್ನಾನ ಮಾಡಿ ಮನೆ ತೊಳೆಯುವಷ್ಟರಲ್ಲಿ ಒಲೆ ಹಚ್ಚಲು ತಡವಾಗಿ, ಶಂಕ್ರವ್ವ ಎದುರಿನ ಹೋಟೆಲಿನಿಂದ ಇಡ್ಲಿ ಸಾಂಬಾರ್ ಪಾರ್ಸಲ್ ತಂದಿದ್ದಳು.

"ಏನ್ರೀ, ಮಾರಿ ಯಾಕ ಹಿಂಗಾಗೇತಿ?"

ಹೇಳಿದ. ಹುಲ್ಲುಕಡ್ಡಿಯನ್ನೂ ಬಿಡದೆ ಹೇಳಿದ. ಶಂಕ್ರವ್ವ ಸಾಂಬಾರನ್ನು ಬಟ್ಟಲಿಗೆ ಸುರಿದು, ಖಾಲಿ ಕವರನ್ನು ಮೂಲೆಯ ಬಕೆಟ್ಟಿಗೆ ಎಸೆದಳು. ಬಕೆಟ್ಟಿನಲ್ಲಿ ನೀರಿತ್ತು. ತೆಳ್ಳನೆಯ ಕವರು ನೀರಿಗೆ ಬಿದ್ದು, ಬಾಯಿ ಕೆಳಗಾಗಿ, ಮೆಲ್ಲಗೆ ಉಬ್ಬಿ ಅರಳಿತು. ಬಾಯಿಗೆ ಕಟ್ಟಿದ್ದ ಬಿಳಿ ದಾರ ಕೆಳಗೆ ಇಳಿಬಿದ್ದು ತೂಗಾಡಿತು.

ಲಕ್ಕಪ್ಪ ಇಡ್ಲಿಯ ತುತ್ತನ್ನು ಕೈಯಲ್ಲೇ ಹಿಡಿದು ನೋಡಿದ.

"ಶಂಕ್ರೀ, ಆ ಹೋಟೆಲ್ನಾಗ ಇಂಥಾ ಕವರು ಇನ್ನ ಒಂದ ಹತ್ತು ಕೊಡ್ತಾರೇನು?"

ಬಾಗಿಲು ಎಳೆದುಕೊಂಡು ಇಬ್ಬರೂ ಕೆಲಸಕ್ಕೆ ಕೂತರು. ಅವನು ಕತ್ತರಿಸಿದ, ಅವಳು ಅಂಚಿಗೆ ನೂಲು ಪೋಣಿಸಿದಳು. ಮೊದಲನೆಯದು ಮುಳುಗಿತು. ಎರಡನೆಯದು ಗಾಳಿ ತುಂಬಿಕೊಂಡು ಮೇಲೆಯೇ ಕೂತಿತು. ನೆತ್ತಿಗೆ ಸೂಜಿಯಿಂದ ತೂತು ಹೊಡೆದು ಗಾಳಿ ಬಿಟ್ಟ ಮೇಲೆ ಮೂರನೆಯದು ಅಂಗಡಿಯ ತೊಟ್ಟಿಯ ಗಪ್ಪಿ ಮೀನುಗಳ ನಡುವೆ ಎಷ್ಟು ಚೆಂದ ತೇಲಿತೆಂದರೆ, ಗಪ್ಪಿಗಳು ಹೆದರಿ ಗಿಡದ ಸಂದಿಗೆ ಹೋದವು.

"ಇದ ಮೋಸ ಅಲ್ಲೇನ್ರೀ?" ಆರನೆಯದಕ್ಕೆ ಗಂಟು ಹಾಕುತ್ತ ಶಂಕ್ರವ್ವ ಕೇಳಿದಳು.

"ಮೋಸಾನ. ಈ ಮನಿ ಬಿಟ್ಟ ಎಲ್ಲಿಗೆ ಹೋಗೂಣು, ನೀನ ಹೇಳು."

ಅವಳು ಒಮ್ಮೆ ಕೋಣೆಯನ್ನೆಲ್ಲ ನೋಡಿದಳು. ಮತ್ತೆ ಸೂಜಿಗೆ ನೂಲು ಹಾಕಿದಳು.

ಸಂಜೆ ನಾಲ್ಕಕ್ಕೆ ಎಂಟೂ ತೊಟ್ಟಿಯೊಳಗಿದ್ದವು. ತಿರುಗುವ ನೀರಿನಲ್ಲಿ, ನೀಲಿ ಬೆಳಕಿನಲ್ಲಿ, ಅರಳಿದವು, ಮುದುಡಿದವು. ನಿಜವಾದವು ಒಮ್ಮೊಮ್ಮೆ ಸೋಮಾರಿಯಾಗಿ ಕೆಳಗಿಳಿಯುತ್ತಿದ್ದವು, ಇವಕ್ಕೆ ಆ ಚಾಳಿಯೂ ಇಲ್ಲ. ಲಕ್ಕಪ್ಪನಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ.

ಐದಕ್ಕೆ ಚಕ್ರಪಾಣಿ ಬಂದರು. ಬಾಗಿಲಲ್ಲೇ ಬ್ಯಾಗು ಕೆಳಗಿಟ್ಟರು. "ಏ, ಸಖತ್ತಾಗಿದೆಯಲ್ಲೋ!" ಎಂದು ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. ಆರೂವರೆಗೆ ಕಮಿಟಿಯವರು ಹದಿನಾಲ್ಕು ಜನ ಸೇರಿದರು. ಬೀದಿದೀಪ, ಕಸದ ಲಾರಿ ಎಲ್ಲ ಮರೆತುಹೋಗಿ, ಬೋಂಡಾ ತಟ್ಟೆ ಹಿಡಿದು ಎಲ್ಲರೂ ತೊಟ್ಟಿಯ ಸುತ್ತ ನಿಂತರು.

ಸಿದ್ದರಾಜು ಹೇಳಿದಂತೆಯೇ ಟಾರ್ಚ್ ತಂದಿದ್ದರು, ಹೊಲ ಕಾಯುವವರು ಹಿಡಿಯುವಂಥದ್ದು. "ಒಂದು... ಎರಡು..." ಎಂದು ಜೋರಾಗಿ ಎಣಿಸಿದರು. ಎಂಟಕ್ಕೆ ಬಂದಾಗ ಅವರ ದನಿ ಇಳಿಯಿತು. ಇದ್ದಕ್ಕಿದ್ದಂತೆ ಮತ್ತೆ ಏರಿತು. "ತಡೀರಿ, ಇದರ ಹೊಟ್ಟೇಲಿ ಕಪ್ಪಗೆ ಏನೋ ಇದೆಯಲ್ಲ, ಏನದು?"

ಲಕ್ಕಪ್ಪನಿಗೆ ಗೊತ್ತಾಯಿತು. ಸಾಂಬಾರ್ ತಂದಿದ್ದ ಕವರನ್ನು ಸರಿಯಾಗಿ ತೊಳೆದಿರಲಿಲ್ಲ. ಮಡಿಕೆಯಲ್ಲಿ ಒಗ್ಗರಣೆಯ ಸಾಸಿವೆ ಕಾಳೊಂದು ಉಳಿದುಕೊಂಡಿತ್ತು.

"ಅದು ಹೃದಯ," ಎಂದರು ಚಕ್ರಪಾಣಿ, ಒಂದು ಕ್ಷಣವೂ ಯೋಚಿಸದೆ.

"ಹೌದೌದು, ಬಡ್ಕೋತಿದೆ ನೋಡಿ!" ಎಂದರು ಯಾರೋ. ಹದಿನಾಲ್ಕು ತಲೆಗಳು ಸಾಸಿವೆ ಕಾಳಿನ ಮೇಲೆ ಬಾಗಿದವು. ಸಿದ್ದರಾಜು ಸಪ್ಪಗೆ ಟಾರ್ಚ್ ಆರಿಸಿದರು. ಚಕ್ರಪಾಣಿ ಲಕ್ಕಪ್ಪನ ಹೆಗಲ ಮೇಲೆ ಕೈಯಿಟ್ಟರು. ಹನ್ನೊಂದು ವರ್ಷದಲ್ಲಿ ಅದೇ ಮೊದಲು. "ಗೆದ್ದೆ ಕಣೋ. ಎಲ್ರೂ ಹೋಗ್ಲಿ, ಅಂಗಡಿ ವಿಷ್ಯ ಮಾತಾಡೋಣ."

ಅಷ್ಟರಲ್ಲಿ ಸೀತಮ್ಮ ಬೇಗೂರಿನಿಂದ ಬಂದರು. ಜನ ಸೇರಿದ್ದನ್ನೂ ಲೆಕ್ಕಿಸದೆ ನೇರ ಲಕ್ಕಪ್ಪನ ಹತ್ತಿರ ಬಂದರು. "ಬಂದ್ಯೇನಪ್ಪಾ? ದೇವರ ಮುಂದೆ ಕೂತ್ರೂ ನಂಗೆ ನಿಂದೇ ಯೋಚ್ನೆ. ಇರು, ಬಂದೆ." ಹಿತ್ತಲ ಬಚ್ಚಲುಮನೆಗೆ ಹೋದವರು, ತಟ್ಟೆ ಮುಚ್ಚಿದ ಬಕೆಟ್ಟೊಂದನ್ನು ಎರಡೂ ಕೈಯಲ್ಲಿ ಎಳೆದು ತಂದು ಅವನ ಕಾಲ ಬಳಿ ಇಟ್ಟರು.

"ತಗೋ, ನಿನ್ ಮಕ್ಕಳು. ಮೈಲಿಗೆ ಆಗಿದ್ದು ನೀರು, ಚೆಲ್ದೆ. ಜೀವಾನ ಚೆಲ್ಲೋಕಾಗುತ್ತಾ? ಆ ಮಾರಮ್ಮ ಬರೋಕೆ ಮುಂಚೆ ಎಂಟನ್ನೂ ಚೊಂಬಲ್ಲಿ ಎತ್ತಿ, ಅದೇ ಉಪ್ಪು ನೀರಲ್ಲಿ ಬಿಟ್ಟು ಇಟ್ಟಿದ್ದೆ. ನನ್ ಸಮಾಧಾನಕ್ಕೆ ಒಂದು ದರ್ಭೆನೂ ಹಾಕಿದೀನಿ."

ತಟ್ಟೆ ತೆಗೆದರು. ಸಿದ್ದರಾಜು ಟಾರ್ಚ್ ಹಚ್ಚಿದರು. ತಳದಲ್ಲಿ ಎಂಟು ಮುದ್ದೆಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಮೇಲೆ ಒಂದು ಹುಲ್ಲುಕಡ್ಡಿ.

"ಥೂ, ಏನಿದು? ಸಬ್ಬಕ್ಕಿ ಗಂಜಿ ಥರ!" ಎಂದರು ಒಬ್ಬರು.

ಚಕ್ರಪಾಣಿ ಬಕೆಟ್ಟನ್ನು ನೋಡಿದರು, ತೊಟ್ಟಿಯನ್ನು ನೋಡಿದರು, ಲಕ್ಕಪ್ಪನನ್ನು ನೋಡಿದರು. "ಏನೋ ಇದು?"

ಲಕ್ಕಪ್ಪನ ಕಣ್ಣು ಬಕೆಟ್ಟಿನಲ್ಲೇ ಇತ್ತು. ಎಲ್ಲಕ್ಕಿಂತ ಮೇಲಿದ್ದದ್ದು ಮೆಲ್ಲಗೆ ಮುದುಡಿತು. ಇನ್ನಿಲ್ಲ ಎಂದುಕೊಳ್ಳುವಷ್ಟರಲ್ಲಿ ಅರಳಿತು. ಬದುಕಿದ್ದವು. ಹತ್ತು ತಾಸು ಒಂದೇ ಬಕೆಟ್ಟಿನಲ್ಲಿ ಉಸಿರು ಹಿಡಿದು ಅವನಿಗಾಗಿ ಕಾದಿದ್ದವು.

"ಅದು... ತೊಟ್ಟಿ ತೊಳದ ನೀರ್ರೀ ಸರ," ಎಂದ. "ಲೋಳಿ ಅದು."

"ಲೋಳೆ ಅಲ್ಲ ಕಣೋ, ಮಿಡೀತಿದೆ ನೋಡು!" ಎಂದರು ಸೀತಮ್ಮ.

"ಅಮ್ಮಾ, ನಿಂಗೆ ಕಣ್ಣು ಮಂಜು. ಜೆಲ್ಲಿ ಅಲ್ಲಿ ಆಡ್ತಿವೆ ನೋಡು, ಎಷ್ಟು ಲವಲವಿಕೆಯಾಗಿ! ಲಕ್ಕಪ್ಪ, ಮೊದ್ಲು ಆ ಗಲೀಜು ಆಚೆ ಚೆಲ್ಲು."

ಬಕೆಟ್ಟು ಹಿಡಿದು ಹೊರಟ. ಗೇಟು ದಾಟಿದರೆ ಆಟೋ ಹಿಡಿಯಬಹುದು, ಅಂಗಡಿಯಲ್ಲಿ ಉಪ್ಪಿದೆ, ಎರಡಾದರೂ ಉಳಿಯಬಹುದು ಎಂದು ಮನಸ್ಸು ಓಡುತ್ತಿತ್ತು. ಹಿಂದಿನಿಂದ ಬೆಳಕು ಬಿತ್ತು.

"ಇಲ್ಲೇ ಚೆಲ್ಲಪ್ಪ, ಕತ್ತಲಿದೆ ಅಂತ ನಾನೇ ಬಂದೆ," ಎಂದರು ಸಿದ್ದರಾಜು. ಮೋರಿಯ ಮೇಲೆ ಟಾರ್ಚ್ ಹಿಡಿದು ನಿಂತರು. ಜನ್ಮದಲ್ಲಿ ಯಾರಿಗೂ ಉಪಕಾರ ಮಾಡದ ಮನುಷ್ಯ, ಅವತ್ತೇ ಮಾಡಬೇಕೆ!

ಲಕ್ಕಪ್ಪ ಬಕೆಟ್ಟು ಬಾಗಿಸಿದ. ಒಂದೊಂದೇ ಜಾರಿ ಹೋದವು. ಕೊನೆಯದು ದರ್ಭೆಯ ಜೊತೆ ಅಂಚಿಗೆ ಅಂಟಿಕೊಂಡಿತು. ಎರಡು ಬೆರಳಲ್ಲಿ ಅದನ್ನು ನೂಕಿದ. ಅದೇ ಎರಡು ಬೆರಳು. ಅವನಿಗೆ ಅಳು ಬಂತು, ಟ್ಯಾಂಕಿನ ಉಪ್ಪು ಕಣ್ಣಿಗೆ ಸಿಡಿಯಿತು ಎಂದು ಸಿದ್ದರಾಜುಗೆ ಹೇಳಿ ಒರೆಸಿಕೊಂಡ.

ಒಳಗೆ ಬಂದಾಗ ಚಕ್ರಪಾಣಿ ಕಮಿಟಿಯವರ ನಡುವೆ ನಿಂತು ನಗುತ್ತಿದ್ದರು.

"ಬಾರೋ ಬಾ. ಹದಿನಾಲ್ಕು ಜನಾನೂ ನಮ್ಗೂ ಬೇಕು ಅಂತಿದಾರೆ! ನನ್ನ ಬಾಮೈದ ಸುಮ್ನೆ ಮನೇಲಿ ಕೂತಿದಾನೆ, ಅವನಿಗೊಂದು ಜೆಲ್ಲಿ ಶೋರೂಮ್ ಹಾಕ್ಕೊಡ್ತೀನಿ. ನಿನ್ನ ಅಂಗಡಿ ಜಾಗ ಕರೆಕ್ಟಾಗಿದೆ. ಹಿಂದಿನ ರೂಮು ಗೋಡೌನು. ಒಂದನೇ ತಾರೀಕು ಖಾಲಿ ಮಾಡ್ಕೊಡು."

"ಸರ, ಐದ ವರ್ಷದ್ದು ಅಗ್ರಿಮೆಂಟ್ ಅಂದಿದ್ರಿ..."

"ಮಾತು ಅಂದ್ರೆ ಮಾತು. ಐದು ವರ್ಷಕ್ಕೇ ಮಾಡ್ಸೋಣ. ಅಷ್ಟೂ ವರ್ಷ ಶೋರೂಮಿಗೆ ಜೆಲ್ಲಿ ನೀನೊಬ್ನೇ ಸಪ್ಲೈ ಮಾಡ್ಬೇಕು. ಹಾಂ, ಒಂದು ಕಂಡೀಷನ್ನು. ಇವಿದಾವಲ್ಲ, ಇದೇ ಥರ ಗಟ್ಟಿ ಜಾತಿದೇ ಬೇಕು. ಒಂದು ಸತ್ರೂ ನೀನೇ ಜವಾಬ್ದಾರಿ."

ಎಂಟು ಗಂಟೆಗೆ ಅಂಗಡಿ ತಲುಪಿದ. ಶಂಕ್ರವ್ವ ಬಾಗಿಲಲ್ಲೇ ನಿಂತಿದ್ದಳು.

"ಏನಾತ್ರೀ? ಐದ ವರ್ಷ ಕೊಟ್ರ?"

"ಕೊಟ್ರು."

"ಯಪ್ಪಾ ಮೌನೇಶ್ವರಾ! ಮನಿ ಉಳೀತು ಹಂಗಾರ?"

"ಮನಿ ಹೋತು," ಎಂದ ಲಕ್ಕಪ್ಪ. ಖಾಲಿ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತ. "ಹದಿನಾಲ್ಕ ಮನಿ, ಮನಿಗೆ ಎಂಟೆಂಟು ಬೇಕಂತ. ಆ ಕತ್ರಿ ಎಲ್ಲಿಟ್ಟಿ, ಶಂಕ್ರೀ?"